ಬಣ್ಣ ಬಿಡಿ, ಬಾಲ ನೋಡಿ

ಕೇಳುಗರಿಗೆ ನಮಸ್ಕಾರ.

ರಾಗಿ ಕೊಯ್ದ ಹೊಲದಲ್ಲಿ ನಡೆಯುವಾಗ ಕಾಲ ಬುಡದಿಂದ ಪುರ್ರ್ ಅಂತ ಎದ್ದು ಹತ್ತು ಮಾರು ಆಚೆ ಹೋಗಿ ಕೂರುತ್ತದಲ್ಲ, ಮಣ್ಣಿನ ಬಣ್ಣದ ಹಕ್ಕಿ, ಅದನ್ನು ನೀವೆಲ್ಲ ನೋಡಿರುತ್ತೀರಿ. ಗುಬ್ಬಿ ಅಂದುಕೊಂಡಿರುತ್ತೀರಿ. ಗುಬ್ಬಿ ಅಲ್ಲ. ಒಂದೇ ಜಾತಿಯೂ ಅಲ್ಲ. ಅದೇ ಹೊಲದಲ್ಲಿ ಪಿಪಿಟ್ ಇರುತ್ತದೆ, ಬುಶ್‌ಲಾರ್ಕ್ ಇರುತ್ತದೆ, ಹೆಸರಿಗಷ್ಟೇ ಗುಬ್ಬಿಯಾದ ನೆಲಗುಬ್ಬಿ ಇರುತ್ತದೆ. ಒಂದೇ ಥಾನಿನ ಬಟ್ಟೆಯಲ್ಲಿ ಎಲ್ಲರಿಗೂ ಅಂಗಿ ಹೊಲಿಸಿದ ಹಾಗೆ.

ಅದಕ್ಕೇ ಹೇಳುತ್ತೇನೆ, ಬಣ್ಣ ನೋಡಬೇಡಿ. ಜನ ನನಗೆ ಫೋಟೋ ಕಳಿಸುತ್ತಾರೆ, ‘ಸಾರ್, ಕಂದು ಬಣ್ಣ, ಎದೆ ಮೇಲೆ ಗೆರೆ, ಯಾವ ಹಕ್ಕಿ?’ ಎಲ್ಲವೂ ಕಂದೇ ಮಾರಾಯ್ರೆ! ಅದು ಏನು ಮಾಡ್ತಾ ಇತ್ತು ಅಂತ ಒಬ್ಬರೂ ಬರೆಯುವುದಿಲ್ಲ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಒಂದು ಜನವರಿ ಬೆಳಿಗ್ಗೆ ಹೆಸರಘಟ್ಟದ ಹುಲ್ಲುಗಾವಲಿಗೆ 22 ಶಾಲಾಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮುಂದೆ ಒಂದು ಹಕ್ಕಿ ಕೂತಿತ್ತು. ನಾನು ಪುಸ್ತಕ ತೆಗೆದು ಎದೆಯ ಗೆರೆ, ಹುಬ್ಬಿನ ಗೆರೆ ಅಂತ ಶುರು ಮಾಡಿದೆ. ಒಬ್ಬಳು ಹುಡುಗಿ, ಏಳನೇ ಕ್ಲಾಸು, ‘ಸಾರ್, ಅದು ಬಾಲ ಯಾಕೆ ಹಂಗೆ ಕುಟ್ತಾ ಇದೆ?’ ಅಂದಳು. ಸುಮ್ನಿರಮ್ಮ, ಮೊದಲು ಗೆರೆ ಬರ್ಕೋ ಅಂದೆ. ಎಲ್ಲರ ಕೈಲೂ ಬುಶ್‌ಲಾರ್ಕ್ ಅಂತ ಬರೆಸಿದೆ. ಅಷ್ಟರಲ್ಲಿ ಹಕ್ಕಿ ಎರಡು ಹೆಜ್ಜೆ ಓಡಿತು, ನೆಟ್ಟಗೆ ನಿಂತಿತು, ಮತ್ತೆ ಬಾಲ ಕುಟ್ಟಿತು, ‘ಚಿಪ್ ಚಿಪ್’ ಅಂತ ಕೂಗಿ ಹಾರಿತು. ಅಪ್ಪಟ ಗದ್ದೆ ಪಿಪಿಟ್! 21 ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿಸಿದೆ. ಆ ಹುಡುಗಿ ಮಾತ್ರ ಮೊದಲೇ ಏನೂ ಬರೆದಿರಲಿಲ್ಲ, ಬಾಲ ನೋಡ್ತಾ ಇದ್ದಳು.

ಪಿಪಿಟ್ ತೆಳ್ಳಗೆ, ಬಾಲ ಉದ್ದ, ಓಡುವುದು ಜಾಸ್ತಿ. ಬುಶ್‌ಲಾರ್ಕ್ ಗುಂಡು ಗುಂಡಗೆ, ಮೊಂಡು ಬಾಲ, ದಪ್ಪ ಕೊಕ್ಕು, ಬಾಲ ಕುಟ್ಟುವ ಅಭ್ಯಾಸವೇ ಇಲ್ಲ. ಅದು ಪೊದೆಯ ತುದಿಯಿಂದ ಮೇಲಕ್ಕೆ ಹಾರಿ, ರೆಕ್ಕೆ ಎತ್ತಿ ಹಿಡಿದು, ಕಾಲು ಜೋಲುಬಿಟ್ಟು, ಸಣ್ಣಗೆ ಹಾಡುತ್ತಾ ಪ್ಯಾರಾಚೂಟಿನ ಹಾಗೆ ಅದೇ ಪೊದೆಗೆ ಇಳಿಯುತ್ತದೆ. ಒಂದು ಸಲ ನೋಡಿದರೆ ಸಾಕು, ಪುಸ್ತಕ ಬೇಡ. ನೆಲಗುಬ್ಬಿಯಲ್ಲಿ ಗಂಡಿನ ಹೊಟ್ಟೆ ಕಪ್ಪು, ಕಷ್ಟ ಕೊಡುವುದು ಹೆಣ್ಣು. ಸ್ವಲ್ಪ ಕಾಯಿರಿ, ಯಜಮಾನರು ಅಲ್ಲೇ ಎಲ್ಲೋ ಇರುತ್ತಾರೆ. ಚಳಿಗಾಲದಲ್ಲಿ ಎಬ್ಬಿಸಿದ ಪಿಪಿಟ್ ನೆಲ ಬಿಟ್ಟು ಮರಕ್ಕೆ ಹೋಗಿ ಕೂತರೆ ಅದು ಹೆಚ್ಚಾಗಿ ಮರ ಪಿಪಿಟ್, ನಮ್ಮಲ್ಲಿಗೆ ವಲಸೆ ಬಂದದ್ದು.

ಬೇಲಿಯೊಳಗಿನ ಉಲಿಯಕ್ಕಿಗಳ, ಅಂದರೆ ವಾರ್ಬ್ಲರ್‌ಗಳ, ಬಗ್ಗೆಯೂ ಹೇಳಬೇಕಿತ್ತು, ಆದರೆ ಸ್ಟುಡಿಯೋ ಗಾಜಿನಾಚೆಯಿಂದ ಸಮಯ ಮುಗೀತು ಅಂತ ಕೈ ಸನ್ನೆ ಮಾಡ್ತಾ ಇದ್ದಾರೆ. ಚಳಿಗಾಲದ ಬೇಲಿಯೊಳಗಿಂದ ‘ಟಕ್, ಟಕ್’ ಅಂತ ನಾಲಿಗೆ ಲೊಟ್ಟೆ ಹೊಡೆದ ಹಾಗೆ ಕೇಳಿದರೆ ಅದು ಬ್ಲೈತ್ ರೀಡ್ ವಾರ್ಬ್ಲರ್, ಕಾಣದಿದ್ದರೂ ಬರೆದುಕೊಳ್ಳಿ. ನಾಳೆ ಹೊಲದ ಕಡೆ ಹೋದಾಗ ಕ್ಯಾಮೆರಾ ಚೀಲದಲ್ಲೇ ಇರಲಿ, ಎರಡು ನಿಮಿಷ ಬಾಲ ನೋಡಿ. ನಮಸ್ಕಾರ.