ಮೊದಲು ಅಡಿ ನೋಡಿ, ಬಣ್ಣ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿ ಮತ್ತೆ ರಸ್ತೆಗೆ ಇಳಿಸುವುದು ಹೇಗೆ ಅಂತ ಮಾತಾಡಲು ಮಡಿಕೇರಿ ಆಕಾಶವಾಣಿಯವರು ಕರೆದಿದ್ದಾರೆ. ತುಂಬಾ ಖುಷಿಯಾಯಿತು. ಹೇಳಲು ಬೇಕಾದಷ್ಟಿದೆ. ಆದರೆ ಒಂದು ಮಾತು ನಿಮ್ಮ ಕಿವಿಯಲ್ಲಿ ಉಳಿದರೆ ನನಗೆ ಸಾಕು. ಮೊದಲು ಕಾರಿನ ಅಡಿ ನೋಡಿ. ಬಣ್ಣ ಆಮೇಲೆ.

ಕೊಡಗಿನಲ್ಲಿ ಹಳೆ ವಾಹನ ಇಲ್ಲದ ಊರೇ ಇಲ್ಲ. ಐನ್‌ಮನೆಯ ಪಕ್ಕದ ಕೊಟ್ಟಿಗೆಯಲ್ಲೋ, ಕಾಫಿ ಗೋಡೌನಿನ ಮೂಲೆಯಲ್ಲೋ ಒಂದು ಫಿಯೆಟ್, ಒಂದು ಅಂಬಾಸಿಡರ್, ಇಲ್ಲವೇ ಒಂದು ವಿಲ್ಲೀಸ್ ಜೀಪು ಟಾರ್ಪಾಲು ಹೊದ್ದುಕೊಂಡು ನಿಂತಿರುತ್ತದೆ. ತಾತ ಓಡಿಸಿದ್ದು. ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗ ಟಾರ್ಪಾಲು ಎತ್ತಿ ನೋಡುತ್ತಾನೆ. ಆಸೆ ಹುಟ್ಟುತ್ತದೆ. ನನಗೆ ಫೋನ್ ಬರುತ್ತದೆ. "ಅಂಕಲ್, ಮೊದಲಿನ ಕ್ರೀಮ್ ಬಣ್ಣವೇ ಇರಲಾ, ಮರೂನ್ ಮಾಡಿಸಲಾ?"

ಎಲ್ಲರದ್ದೂ ಇದೇ ಪ್ರಶ್ನೆ. ಅಲ್ಲಪ್ಪಾ, ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಅಡಿ ನೋಡು.

ಯಾಕೆ ಅಂತ ಹೇಳುತ್ತೇನೆ. ಜೀಪಿಗೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಬೇರೆ, ಬಾಡಿ ಬೇರೆ. ದಪ್ಪ ಚಾಸಿಯ ಮೇಲೆ ಬಾಡಿ ಕೂರಿಸಿ ಬೋಲ್ಟ್ ಹಾಕಿರುತ್ತಾರೆ. ಫಿಯೆಟ್, ಅಂಬಾಸಿಡರ್ ಹಾಗಲ್ಲ. ತಗಡನ್ನು ಮಡಚಿ, ಬೆಸೆದು ಮಾಡಿದ ಬಾಡಿಯೇ ಅಲ್ಲಿ ಎಲ್ಲ ಭಾರ ಹೊರುತ್ತದೆ. ಬಾಗಿಲಿನ ಕೆಳಗೆ, ನಾವು ಕಾಲೆತ್ತಿ ದಾಟುವ ಜಾಗದಲ್ಲಿ, ಉದ್ದಕ್ಕೂ ಒಂದು ಟೊಳ್ಳು ಪೆಟ್ಟಿಗೆ ಇದೆ. ಅದಕ್ಕೆ ಸಿಲ್ ಅಂತಾರೆ. ಕಾರು ನಡುವಿನಲ್ಲಿ ಬಾಗದೆ ನಿಂತಿರುವುದು ಮುಖ್ಯವಾಗಿ ಅದರಿಂದ. ಅದು ತುಕ್ಕು ತಿಂದು ಹೋಗಿದ್ದರೆ ಮೇಲೆ ಎಷ್ಟು ಒಳ್ಳೆ ಬಣ್ಣ ಹೊಡೆಸಿದರೂ ತೊಲೆಗೆ ಗೆದ್ದಲು ಹಿಡಿದ ಮನೆಗೆ ಸುಣ್ಣ ಬಳಿದ ಹಾಗೆ.

ನಮ್ಮ ಊರಿನ ಹವೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೇ ಸಾಕು. ಬಯಲುಸೀಮೆಯಲ್ಲಿ ಮರದಡಿ ನಿಂತ ಕಾರು ತಡೆದುಕೊಂಡೀತು. ಇಲ್ಲಿ ತಡೆಯುವುದಿಲ್ಲ. ಟಾರ್ಪಾಲು ಹೊದಿಸಿದ್ದೇವಲ್ಲ ಅಂತೀರಿ. ಪ್ಲಾಸ್ಟಿಕ್ ಹೊದಿಕೆ ಮಳೆಯನ್ನು ಹೊರಗಿಡುತ್ತದೆ ನಿಜ, ಆದರೆ ನೆಲದಿಂದ ಏಳುವ ತೇವವನ್ನು ಒಳಗೇ ಕೂಡಿಹಾಕುತ್ತದೆ. ಬೆಳಿಗ್ಗೆ ಎತ್ತಿ ನೋಡಿ, ಒಳಮೈಯಲ್ಲಿ ನೀರು ಹನಿಗಟ್ಟಿರುತ್ತದೆ. ಸೂರು ಗಟ್ಟಿ ಇದ್ದರೆ ಹತ್ತಿ ಬಟ್ಟೆಯ ಹೊದಿಕೆ ಸಾಕು. ಗಾಳಿ ಆಡಬೇಕು.

ಇಲ್ಲಿ ಒಂದು ಫಿಯೆಟ್ಟಿನ ಕಥೆ ಹೇಳಲೇಬೇಕು. ವಿರಾಜಪೇಟೆ ಕಡೆಯ ಒಂದು ತೋಟದ ಮನೆ. ಅಲ್ಲಿನ ಹುಡುಗ ಫೋನ್ ಮಾಡಿದ. "ಅಂಕಲ್, ಕಾರು ರೆಡಿ ಆಗಿದೆ. ಪೇಂಟ್ ಮಾಡಿಸಿ ಒಂದು ವರ್ಷವೂ ಆಗಿಲ್ಲ. ಜಾಕಿ ಹಾಕಿ ಎತ್ತಿದರೆ ಬಾಗಿಲು ಮಾತ್ರ ಬಿಗಿ ಆಗ್ತದೆ. ಬಾಗಿಲಿನ ಹಿಂಜ್ ಸರಿ ಮಾಡಬೇಕಾ?" ನನಗೆ ಅಲ್ಲೇ ಅನುಮಾನ ಬಂತು. ಜಾಕಿ ಎತ್ತಿದಾಗ ಬಾಗಿಲು ಬಿಗಿಯಾದರೆ ತಪ್ಪು ಹಿಂಜಿನದ್ದಲ್ಲ. ಕಾರು ನಡುವಿನಲ್ಲಿ ಬಾಗುತ್ತಿದೆ ಅಂತ ಅರ್ಥ.

ಹೋದೆ. ಅಂಗಳದಲ್ಲಿ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಂಪರಿಗೆ ಹೊಸ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್. ಹುಡುಗನ ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವರು ಮದುವೆಯಾಗಿ ಆ ಮನೆಗೆ ಬಂದದ್ದೇ ಆ ಕಾರಿನಲ್ಲಂತೆ. ನಾನು ಚೀಲದಿಂದ ಒಂದು ಅಯಸ್ಕಾಂತ ತೆಗೆದೆ. ಹಳೆ ರೇಡಿಯೋ ಸ್ಪೀಕರಿನದ್ದು. ಬಣ್ಣಕ್ಕೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿ ಬಾಗಿಲಿನ ಮೇಲಿಟ್ಟೆ. ಗಟ್ಟಿಯಾಗಿ ಹಿಡಿಯಿತು. ಹಾಗೇ ಕೆಳಗೆ ಜಾರಿಸುತ್ತಾ ಸಿಲ್ಲಿಗೆ ತಂದೆ. ಟಪ್ ಅಂತ ನೆಲಕ್ಕೆ ಬಿತ್ತು. ಇನ್ನೊಂದು ಗೇಣು ಹಿಂದಕ್ಕೆ ಇಟ್ಟೆ. ಮತ್ತೆ ಬಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು.

ಅಯಸ್ಕಾಂತ ಕಬ್ಬಿಣಕ್ಕೆ ಹಿಡಿಯುತ್ತದೆ, ತೂತು ಮುಚ್ಚಲು ಮೆತ್ತುವ ಪುಟ್ಟಿಗೆ ಹಿಡಿಯುವುದಿಲ್ಲ. ಅಷ್ಟೇ ವಿಷಯ.

ಅವನ ಒಪ್ಪಿಗೆ ಕೇಳಿ ಸ್ಕ್ರೂಡ್ರೈವರ್ ಚುಚ್ಚಿದೆ. ಬಣ್ಣದ ಕೆಳಗೆ ಬೆರಳು ದಪ್ಪ ಪುಟ್ಟಿ. ಪುಟ್ಟಿಯ ಹಿಂದೆ ಗೋಣಿ ತುಂಡು. ಗೋಣಿಯ ಹಿಂದೆ ಕೆಂಪು ಮಣ್ಣು, ಕೊಳೆತ ಎಲೆ, ಚಕ್ಕೆ ಚಕ್ಕೆಯಾಗಿ ಕೈಗೆ ಬರುವ ತುಕ್ಕು. ಅದು ಫೆಬ್ರವರಿ ತಿಂಗಳು. ಒಂದು ಹನಿ ಮಳೆ ಇಲ್ಲ. ಆದರೂ ಆ ಗೋಣಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಪೇಟೆಯ ಯಾವುದೋ ಶೆಡ್ಡಿನಲ್ಲಿ ಮಾಡಿಸಿದ ಕೆಲಸ. ಮೇಲಿನ ಬಣ್ಣಕ್ಕೆ ನೂರಕ್ಕೆ ನೂರು ಅಂಕ ಕೊಡಬಹುದು. ಅಡಿಯಲ್ಲಿ ಕಾರೇ ಇಲ್ಲ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಇವನು ಮಾಕುಟ್ಟ ಘಾಟಿ ಇಳಿಯಲು ಹೊರಟಿದ್ದ. ನನಗೆ ಕೋಪವೇ ಬಂತು.

ಸಿಲ್ ಕತ್ತರಿಸುವ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಬೇಕು. ಇದನ್ನು ಯಾರೂ ಮಾಡುವುದಿಲ್ಲ. ಮ್ಯಾಟ್ ಎತ್ತಿಸಿದೆ. ಹುಡುಗನನ್ನು ಟಾರ್ಚ್ ಕೊಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿಸಿದೆ. ನಾನು ಹೊರಗಿನಿಂದ ಹೋಸ್ ಪೈಪಿನಲ್ಲಿ ನೀರು ಬಿಡುತ್ತಾ ಬಂದೆ. ಮೊದಲು ಬಾನೆಟ್ಟಿನ ಹಿಂದೆ, ಆಮೇಲೆ ಬಾಗಿಲಿಗೆ, ಕೊನೆಗೆ ಮುಂದಿನ ಗಾಜಿಗೆ. ಗಾಜಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದ, "ಬಂತು ಅಂಕಲ್, ಬಂತು!" ಗಾಜಿನ ಎಡ ಕೆಳಮೂಲೆ. ರಬ್ಬರ್ ಬೀಡಿಂಗ್ ಒಣಗಿ ಕಲ್ಲಾಗಿತ್ತು. ಅಲ್ಲಿಂದ ಇಳಿದ ನೀರು ಮ್ಯಾಟಿನ ಕೆಳಗಿನ ಫೆಲ್ಟಿಗೆ, ಫೆಲ್ಟಿನಿಂದ ಫ್ಲೋರಿಗೆ, ಫ್ಲೋರಿನಿಂದ ಸಿಲ್ಲಿಗೆ. ಸಿಲ್ಲಿನ ಅಡಿಯಲ್ಲಿ ನೀರು ಹೋಗಲು ಕಂಪನಿಯವರೇ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಅವೆಲ್ಲ ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಬಂದ ನೀರಿಗೆ ಹೋಗಲು ದಾರಿ ಇಲ್ಲ.

ಬಾಗಿಲುಗಳ ಕೆಳ ಅಂಚಿನಲ್ಲೂ ಇಂಥ ತೂತುಗಳಿವೆ. ಇವತ್ತೇ ನಿಮ್ಮ ಕಾರಿನ ಬಾಗಿಲು ತೆರೆದು, ಕೆಳಗೆ ಬಗ್ಗಿ ನೋಡಿ. ಒಂದು ಸಣ್ಣ ತಂತಿ ಹಾಕಿ ಬಿಡಿಸಿ. ಖರ್ಚಿಲ್ಲದ ಕೆಲಸ. ಒಂದು ಬಾಗಿಲು ಉಳಿಯುತ್ತದೆ.

ಆ ಫಿಯೆಟ್ಟಿಗೆ ಏನು ಮಾಡಿದೆವು ಅಂದ್ರೆ, ಮೊದಲು ಕಾರನ್ನು ಸಮನೆಲದ ಮೇಲೆ ನಿಲ್ಲಿಸಿದೆವು. ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಆಂಗಲ್ ಕಬ್ಬಿಣ ವೆಲ್ಡ್ ಮಾಡಿದೆವು. ಹಾಗೆ ಮಾಡದೆ ಸಿಲ್ ಕತ್ತರಿಸಿದರೆ ಬಾಡಿ ಕುಸಿಯುತ್ತದೆ, ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿ. ಎರಡೂ ಒಟ್ಟಿಗೆ ಕತ್ತರಿಸಬೇಡಿ. ತುಕ್ಕು ಬಂದ ಜಾಗ ಬಿಟ್ಟು, ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. 20 ಗೇಜಿನ ತಗಡು ಮಡಚಿ, ಒಳಗಡೆ ರೆಡ್ ಆಕ್ಸೈಡ್ ಬಳಿದು, ಸಿಒ2 ವೆಲ್ಡಿಂಗ್ ಮಾಡಿಸಿದೆವು. ವೆಲ್ಡಿಂಗ್ ಬರದಿದ್ದರೆ ಬಾಡಿಯ ತಗಡು ಕೆಲಸ ಮಾಡುವ ಒಳ್ಳೆ ಟಿಂಕರ್ ಒಬ್ಬರನ್ನು ಮನೆಗೇ ಕರೆಸಿ. ಉಳಿದದ್ದೆಲ್ಲ, ಬಿಚ್ಚುವುದು, ಉಜ್ಜುವುದು, ಪ್ರೈಮರ್ ಬಳಿಯುವುದು, ನೀವೇ ಮಾಡಬಹುದು. ನೀರಿನ ತೂತುಗಳನ್ನು ಮತ್ತೆ ಕೊರೆದೆವು. ಗಾಜಿಗೆ ಹೊಸ ಬೀಡಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಈ ಕಾರು 1964ರಿಂದ ಹೆಚ್ಚುಕಡಿಮೆ 2000ದವರೆಗೆ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು, ಹೆಸರು ಮಾತ್ರ ಪದ್ಮಿನಿ ಅಂತ ಬದಲಾಯಿತು. ಅಂಬಾಸಿಡರ್ 2014ರವರೆಗೂ ಬಂತು. ಹಾಗಾಗಿ ಸಾಮಾನು ಸಿಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಕಿದರೆ ಸಿಗುತ್ತದೆ.

ಅಂಡರ್ ಕೋಟಿಂಗ್ ಬಗ್ಗೆಯೂ ಹೇಳಬೇಕು. ತುಕ್ಕಿನ ಮೇಲೆ ಡಾಂಬರಿನಂಥ ಆ ಕಪ್ಪು ಕೋಟಿಂಗ್ ಹೊಡೆಸಿದರೆ ತುಕ್ಕು ಸಾಯುವುದಿಲ್ಲ. ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಜೋರಾಗಿ ತಿನ್ನುತ್ತದೆ. ವೈರ್ ಬ್ರಷ್ ಹಿಡಿದು ತಗಡು ಕಾಣುವವರೆಗೆ ಉಜ್ಜಿ, ಒಣಗಿಸಿ, ಪ್ರೈಮರ್ ಹಾಕಿ, ಆಮೇಲೆ ಕೋಟಿಂಗ್. ಅಡಿ ಮೊದಲು ಅಂತ ನಾನು ಹೇಳುತ್ತಿರುವುದು ಇದಕ್ಕೇ.

ಫಿಯೆಟ್ಟೇ ಅರ್ಧ ಸಮಯ ತಿಂದಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ವರ್ಷಗಟ್ಟಲೆ ನಿಂತ ಎಂಜಿನನ್ನು ಸೆಲ್ಫ್ ಹೊಡೆದು ಎಬ್ಬಿಸಬೇಡಿ. ಜೀಪಿಗೆ ಕಟ್ಟಿ ಎಳೆಯಲೂ ಬೇಡಿ. ಪಿಸ್ಟನ್ ರಿಂಗು ಸಿಲಿಂಡರಿಗೆ ಅಂಟಿರುತ್ತದೆ, ಎಳೆದರೆ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್, ಸ್ವಲ್ಪ ಡೀಸೆಲ್ ಬೆರೆಸಿ ಹಾಕಿ, ಕೆಲವು ದಿನ ಬಿಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಮತ್ತೆ ಹಾಕಿ, ಮತ್ತೆ ಕಾಯಿರಿ. ಅವಸರ ಮಾಡಿದವರ ಎಂಜಿನ್ ಬೋರಿಂಗಿಗೆ, ಅಂದರೆ ಸಿಲಿಂಡರ್ ಮತ್ತೆ ಕೊರೆಸಲು, ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಜಾಸ್ತಿಯೇ ಹೀರುತ್ತದೆ. ಚಕ್ರದ ಬಳಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಂಜಿನ್ ಸ್ಟಾರ್ಟ್ ಆಯಿತು ಅಂತ ಕುಣಿಯುವ ಮೊದಲು ಬ್ರೇಕ್ ಬಿಚ್ಚಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ, ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ನೀರು ಹೀರುತ್ತದೆ, ಹಳೆ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಇವನ್ನೆಲ್ಲ ಹಾಳು ಮಾಡುತ್ತದೆ. ಮಳೆಗಾಲಕ್ಕೆ ಕಾರು ನಿಲ್ಲಿಸುವವರು ಟ್ಯಾಂಕು, ಕಾರ್ಬುರೇಟರು ಖಾಲಿ ಮಾಡಿ ನಿಲ್ಲಿಸಿ. ಟ್ಯಾಂಕ್ ಸೋರಿದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಹಾಗೆಯೇ ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಗಟ್ಟಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ, ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಬಣ್ಣ ಯಾವಾಗ? ಅಡಿಯ ಕೆಲಸ ಮುಗಿದ ಮೇಲೆ. ಅದೂ ಪುತ್ತರಿ ಕಳೆದು ಹೂಮಳೆ ಬರುವುದರೊಳಗೆ, ಒಣಹವೆ ಇರುವಾಗ. ಕಾಫಿ ಕೊಯ್ಲಿನ ಸಮಯ, ಪುರುಸೊತ್ತಿಲ್ಲ, ಗೊತ್ತು. ಆದರೂ ಮಳೆಗಾಲದಲ್ಲಿ ಹೊಡೆಸಬೇಡಿ. ತಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಬಣ್ಣದ ಮೇಲೆ ಕೂತು ಬಿಳಿ ಮಬ್ಬು ಹಿಡಿಯುತ್ತದೆ. ಮಳೆಯ ತಿಂಗಳಲ್ಲಿ ಸೂರಿನಡಿ ಕೂತು ಕಾರ್ಬುರೇಟರು, ಬ್ರೇಕು, ವೈರಿಂಗ್ ಮಾಡಿ.

ಕೊನೆಗೆ ಕಾಗದಪತ್ರ. ಕಾರಿಗೆ 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು, ದಿನಬಳಕೆಗೆ ಓಡಿಸುವ ಹಾಗಿಲ್ಲ. ತೋಟಕ್ಕೂ ಪೇಟೆಗೂ ಓಡಿಸುವವರು ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ತಾತನ ಹೆಸರಿನಲ್ಲೇ ಆರ್.ಸಿ. ಇದ್ದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಆರ್.ಟಿ.ಒ. ಕಚೇರಿಗೆ ಹೋಗಿ ಬನ್ನಿ. ಹೆಸರು ಬದಲಾವಣೆಗೆ ಮನೆಯವರೆಲ್ಲರ ಸಹಿ ಬೇಕಾದೀತು, ಎಲ್ಲರೂ ಹಬ್ಬಕ್ಕೆ ಊರಿಗೆ ಬಂದಾಗಲೇ ಹಾಕಿಸಿಕೊಳ್ಳಿ. ನಮಸ್ಕಾರ.