ಅಧ್ಯಕ್ಷರ ಮಾತು, ಪತ್ರಕರ್ತರ ಲೇಖನಿ

ಸಭಿಕರೇ,

ಅಮೆರಿಕದ ಅಧ್ಯಕ್ಷರ ಸಹಾಯಕರಾಗಿ, ಭಾಷಣಗಳ ಕರಡು ಬರೆಯುವವರಾಗಿ ದುಡಿದ ಪತ್ರಕರ್ತರ ವಿಷಯ ಬಂದಾಗ ಅವರ ಸೊಗಸಾದ ಸಾಲುಗಳನ್ನು ನೆನೆಯುವುದು ವಾಡಿಕೆ. ಆದರೆ ಅಧ್ಯಕ್ಷರ ನಿರ್ಧಾರಕ್ಕೂ ತಮ್ಮ ಮನಸ್ಸಾಕ್ಷಿಗೂ ತಾಳೆಯಾಗದ ಗಳಿಗೆಯಲ್ಲಿ ಅವರು ಏನು ಮಾಡಿದರು ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಈ ಪರಂಪರೆ ಹಳೆಯದು. ಕೆಂಟಕಿಯಲ್ಲಿ ಪತ್ರಿಕಾ ಸಂಪಾದಕರಾಗಿದ್ದ ಏಮಸ್ ಕೆಂಡಲ್, ಆಂಡ್ರ್ಯೂ ಜಾಕ್ಸನ್ ಅವರ ಆಪ್ತವಲಯ ಸೇರಿ, ರಾಷ್ಟ್ರೀಯ ಬ್ಯಾಂಕಿನ ಸನ್ನದು ನವೀಕರಣವನ್ನು ತಡೆದ 1832ರ ವೀಟೊ ಸಂದೇಶವನ್ನು ರೂಪಿಸುವುದರಲ್ಲಿ ದೊಡ್ಡ ಪಾಲು ವಹಿಸಿದರು. ಬಲಾಢ್ಯರು ಸರ್ಕಾರವನ್ನು ತಮ್ಮ ಸ್ವಾರ್ಥಕ್ಕೆ ಬಗ್ಗಿಸಿಕೊಳ್ಳುತ್ತಾರೆಂದು ಆಕ್ಷೇಪಿಸುವ ಆ ಬರಹಕ್ಕೆ ಸಂಪಾದಕೀಯದ ಕಾವು ಇದೆ. ಬರೆದವರಿಗೂ ಸಹಿ ಹಾಕಿದವರಿಗೂ ನಂಬಿಕೆ ಒಂದೇ ಆಗಿದ್ದುದರಿಂದ ಅಲ್ಲಿ ಇಕ್ಕಟ್ಟು ಹುಟ್ಟಲಿಲ್ಲ. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರ ಬಳಿಗೆ ಬಂದ ಜಡ್ಸನ್ ವೆಲಿವರ್ ಕೂಡ ಪತ್ರಕರ್ತರೇ. ಶ್ವೇತಭವನದ ಮೊದಲ ಭಾಷಣ ಬರಹಗಾರರೆಂದು ಅವರನ್ನು ಗುರುತಿಸುತ್ತಾರೆ.

ಇಕ್ಕಟ್ಟು ಸ್ಪಷ್ಟವಾಗಿ ಕಾಣುವುದು ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ. ಟೈಮ್ ಮತ್ತು ಲೈಫ್ ಪತ್ರಿಕೆಗಳ ಬಳಗದಿಂದ ಬಂದ ಎಮೆಟ್ ಹ್ಯೂಸ್, 1952ರ ಅಕ್ಟೋಬರ್‌ನಲ್ಲಿ ಐಸೆನ್‌ಹೋವರ್ ಡೆಟ್ರಾಯಿಟ್‌ನಲ್ಲಿ ಮಾಡಿದ ಚುನಾವಣಾ ಭಾಷಣವನ್ನು ಬರೆದರು. ತಾವು ಕೊರಿಯಾಕ್ಕೆ ಹೋಗುವುದಾಗಿ ಐಸೆನ್‌ಹೋವರ್ ಅಂದು ಕೊಟ್ಟ ಭರವಸೆ ಅಲ್ಲಿನ ಯುದ್ಧದಿಂದ ಬೇಸತ್ತಿದ್ದ ಜನರ ಮನಸ್ಸನ್ನು ಮುಟ್ಟಿತು. ಗೆದ್ದ ಮೇಲೆ, ಡಿಸೆಂಬರ್‌ನಲ್ಲಿ, ಅವರು ಹೋಗಿಯೂ ಬಂದರು. ಅದೇ ಹ್ಯೂಸ್ 1963ರಲ್ಲಿ ಆ ಆಡಳಿತವನ್ನು ಟೀಕಿಸುವ ನೆನಪುಗಳನ್ನು ಪ್ರಕಟಿಸಿದಾಗ ಐಸೆನ್‌ಹೋವರ್ ಕೆರಳಿದರು. ನಂಬಿ ಆಡಿದ ಮಾತುಗಳನ್ನು ಹೊರಗೆಡಹುವುದು ದ್ರೋಹವೇ, ಕಂಡದ್ದನ್ನು ಹೇಳದಿರುವುದು ದ್ರೋಹವೇ? ಎರಡು ಕಡೆಯ ವಾದಗಳಲ್ಲೂ ಹುರುಳಿದೆ. ಆದರೂ ಅಧಿಕಾರದ ಅವಧಿ ಮುಗಿದ ಮೇಲೆ ಬರುವ ಟೀಕೆಗಿಂತ, ಅಧಿಕಾರ ನಡೆಯುತ್ತಿರುವಾಗಲೇ ತೋರಿದ ನಿಲುವಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅದಕ್ಕೆ ಜೆರಾಲ್ಡ್ ಟೆರ್‌ಹಾರ್ಸ್ಟ್ ಅವರೇ ಸಾಕ್ಷಿ. ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥರಾಗಿದ್ದ ಅವರು ಫೋರ್ಡ್ ಅವರನ್ನು ಬಹುಕಾಲದಿಂದ ಬಲ್ಲವರು. 1974ರ ಆಗಸ್ಟ್ 9ರಂದು, ವಾಟರ್‌ಗೇಟ್ ಹಗರಣದಲ್ಲಿ ಸಿಲುಕಿದ ಅಧ್ಯಕ್ಷ ನಿಕ್ಸನ್ ಅವರ ರಾಜೀನಾಮೆಯಿಂದ ಫೋರ್ಡ್ ಅಧ್ಯಕ್ಷರಾದ ದಿನವೇ, ಟೆರ್‌ಹಾರ್ಸ್ಟ್ ಪತ್ರಿಕಾ ಕಾರ್ಯದರ್ಶಿಯಾದರು. ನಿಕ್ಸನ್‌ಗೆ ಕ್ಷಮಾದಾನ ಸಿಗಬಹುದೇ ಎಂದು ವರದಿಗಾರರು ಕೇಳಿದಾಗ, ಒಳಗಿನವರು ತಮಗೆ ಹೇಳಿದ್ದನ್ನು ನಂಬಿ, ಅಂಥ ಆಲೋಚನೆಯಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಸೆಪ್ಟೆಂಬರ್ 8ರ ಭಾನುವಾರ ಫೋರ್ಡ್ ಕ್ಷಮಾದಾನ ಪ್ರಕಟಿಸಿದರು. ಅಂದೇ ಟೆರ್‌ಹಾರ್ಸ್ಟ್ ಹುದ್ದೆ ಬಿಟ್ಟರು. ಮನಸ್ಸಾಕ್ಷಿಯ ಕಾರಣಕ್ಕೆ ವಿಯೆಟ್ನಾಂ ಯುದ್ಧಸೇವೆಯಿಂದ ತಪ್ಪಿಸಿಕೊಂಡ ಯುವಕರಿಗೆ ಇಲ್ಲದ ಕ್ಷಮೆಯನ್ನು, ಇನ್ನೂ ಆರೋಪಪಟ್ಟಿಯೇ ಸಲ್ಲಿಕೆಯಾಗದ ಮಾಜಿ ಅಧ್ಯಕ್ಷರಿಗೆ ಕೊಡುವುದನ್ನು ತಾವು ಸಮರ್ಥಿಸಲಾರೆವು ಎಂಬುದು ಅವರ ರಾಜೀನಾಮೆ ಪತ್ರದ ತಿರುಳು.

ಕ್ಷಮಾದಾನ ದೇಶಕ್ಕೆ ಒಳ್ಳೆಯದಾಯಿತೇ ಎಂಬ ಚರ್ಚೆ ಬೇರೆ. ಮರುದಿನದಿಂದ ಆ ನಿರ್ಧಾರವನ್ನು ತಮ್ಮದೇ ಬಾಯಿಂದ ಸಮರ್ಥಿಸಬೇಕಿದ್ದ ವ್ಯಕ್ತಿ, ಹಳೆಯ ಗೆಳೆತನ ಅಡ್ಡ ನಿಂತರೂ ಒಲ್ಲೆ ಎಂದದ್ದು ಸಣ್ಣ ಮಾತಲ್ಲ. ಅವರ ಜಾಗಕ್ಕೆ ಎನ್‌ಬಿಸಿ ಟಿವಿ ಸಂಸ್ಥೆಯ ವರದಿಗಾರ ರಾನ್ ನೆಸೆನ್ ಬಂದರು. ಟೆರ್‌ಹಾರ್ಸ್ಟ್ ಡೆಟ್ರಾಯಿಟ್ ನ್ಯೂಸ್‌ಗೆ ಮರಳಿ ಅಂಕಣಕಾರರಾದರು.