ಪ್ಲೇಟಿನ ನಂಬರ್, ಚಾಸಿಯ ನಂಬರ್

ಕೇಳುಗರಿಗೆ ನಮಸ್ಕಾರ.

ತಲೆ ಮೇಲೆ ಹೆಲ್ಮೆಟ್ ಇದೆ, ಸಿಗ್ನಲ್ ಹಸಿರೇ ಇತ್ತು, ಆದರೂ ಪೊಲೀಸರು ಕೈ ಅಡ್ಡ ಹಾಕುತ್ತಾರೆ. 'ಈ ಗಾಡಿ ಮೇಲೆ ಕಂಪ್ಲೇಂಟ್ ಇದೆ' ಅನ್ನುತ್ತಾರೆ. ಇಂಥ ಎಡವಟ್ಟುಗಳಲ್ಲಿ ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟು.

ಬೆಂಗಳೂರಿನಂಥ ಊರಲ್ಲಿ ಪ್ಲೇಟನ್ನು ಓದುವ ಕೆಲಸ ಈಗ ಕ್ಯಾಮೆರಾಗಳದ್ದೂ ಹೌದು. ಒಂದು, ಸೊನ್ನೆ ಎಂಬ ಅಂಕಿಗಳ ಜೊತೆ ಗೊಂದಲ ಬೇಡವೆಂದೇ ನೋಂದಣಿ ಸರಣಿಯಲ್ಲಿ ಇಂಗ್ಲಿಷಿನ ಐ, ಓ ಅಕ್ಷರಗಳನ್ನು ಬಿಟ್ಟಿದ್ದಾರೆ. ಆದರೆ ಕೆಸರಿಗೆ ಯಾವ ನಿಯಮ? ಮೂರರ ಎಡಗಡೆ ಒಂದಿಷ್ಟು ಮೆತ್ತಿಕೊಂಡರೆ ಎಂಟಾಗುತ್ತದೆ. ಎಂಟರ ಎಡಗಡೆ ಬಣ್ಣ ಎದ್ದುಹೋದರೆ ಮೂರಾಗುತ್ತದೆ. ಎಲ್ಲೋ ಸಿಗ್ನಲ್ ಹಾರಿದ ಇನ್ನೊಬ್ಬರ ದಂಡ ನಿಮ್ಮ ಹೆಸರಿಗೆ ಬಂದು ಕೂರುತ್ತದೆ. ಹಾಗೆ ಬಂದ ನೋಟಿಸಿನಲ್ಲಿ ಮೊತ್ತಕ್ಕಿಂತ ಮೊದಲು ಫೋಟೊ ನೋಡಿ. ನಿಮ್ಮದು ಕಾರು, ಅಲ್ಲಿರುವುದು ಸ್ಕೂಟರಾದರೆ ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಫೋಟೊ ಲಗತ್ತಿಸಿ ಸಂಚಾರ ಪೊಲೀಸರಿಗೆ ಆಕ್ಷೇಪಣೆ ಬರೆಯಿರಿ; ದಂಡ ಕಟ್ಟುವ ಅವಸರ ಬೇಡ.

ಎರಡನೆಯ ಕಾರಣ, ಹೆಸರು ಬದಲಾಗದ ಗಾಡಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇರುವುದೇ ಇದಕ್ಕೆ. ಸಹಿ ಹಾಕಿದ ಖಾಲಿ ನಮೂನೆ ಬ್ರೋಕರ್ ಕೈಗಿತ್ತು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಕೆಟ್ಟ ವಾಡಿಕೆ. ಗಾಡಿ ಎಲ್ಲಿ ಏನು ಮಾಡಿದರೂ ಪೊಲೀಸರು ಹುಡುಕಿಕೊಂಡು ಬರುವುದು ಹಳೇ ಮಾಲೀಕರ ಮನೆಗೆ.

ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕಳುವಾಗಿ ಮತ್ತೆ ಸಿಕ್ಕ ಗಾಡಿ ದಾಖಲೆಯಲ್ಲಿ ಕಳವಿನ ಗಾಡಿಯಾಗಿಯೇ ಉಳಿದಿರಬಹುದು. ಅಂಥ ಗಾಡಿಯಲ್ಲಿ ಎಫ್‌ಐಆರ್ ಪ್ರತಿ, ನ್ಯಾಯಾಲಯ ಗಾಡಿ ಬಿಟ್ಟುಕೊಟ್ಟ ಆದೇಶದ ಪ್ರತಿ ಎರಡೂ ಇರಲಿ.

ಸರಿ, ತಡೆದರು. ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ರಾತ್ರಿಯಾದರೆ ಕಾರಿನ ಒಳದೀಪ ಹಾಕಿ, ಕೈ ಸ್ಟೇರಿಂಗ್ ಮೇಲೆಯೇ ಇರಲಿ. ಕೇಳುವ ಮೊದಲೇ ಡ್ಯಾಶ್‌ಬೋರ್ಡಿನ ಡಬ್ಬಿಗೆ ಕೈ ಹಾಕಬೇಡಿ. ಕಳವಿನ ಗಾಡಿ ಎಂದುಕೊಂಡು ಬಂದವರಿಗೆ ಆ ಚಲನೆ ಬೇರೆಯೇ ಆಗಿ ಕಾಣುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿ, ಲೈಸೆನ್ಸುಗಳಿಗೆ ಮೂಲ ಪ್ರತಿಯಷ್ಟೇ ಬೆಲೆ. ಆದರೆ ಆ್ಯಪಿನೊಳಗಿಂದಲೇ ತೋರಿಸಬೇಕು. ಗ್ಯಾಲರಿಯ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

'ಕಂಪ್ಲೇಂಟ್ ಯಾವ ಠಾಣೆಯದು, ಯಾವ ನಂಬರಿಗೆ?' ಎಂದು ಕೇಳಿ. ನಂಬರ್ ನಿಮ್ಮದೇ ಅಂದರೆ, 'ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ ಸಾರ್' ಅನ್ನಿ. ವಾದಕ್ಕಿಂತ ಈ ಒಂದು ಮಾತಿಗೆ ಬಲ ಹೆಚ್ಚು. ಪ್ಲೇಟನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು, ಚಾಸಿ, ಅಂದರೆ ಗಾಡಿಯ ಚೌಕಟ್ಟಿನ ನಂಬರನ್ನು ಕಂಪನಿಯೇ ಲೋಹದ ಮೇಲೆ ಕೊರೆದಿರುತ್ತದೆ. ಅಂಕಿ, ಅಕ್ಷರ ಸೇರಿ 17. ಅದರಲ್ಲಿ ಐ, ಓ ಜೊತೆ ಕ್ಯೂ ಕೂಡ ಇರುವುದಿಲ್ಲ. ಬೈಕಿನಲ್ಲಾದರೆ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಫ್ರೇಮಿನ ಕತ್ತಿನ ಬಲಮಗ್ಗುಲಲ್ಲಿ. ಸ್ಕೂಟರ್, ಕಾರುಗಳಲ್ಲಿ ಜಾಗ ಒಂದೊಂದು ಮಾದರಿಗೆ ಒಂದೊಂದು. ಗ್ರೀಸು, ಧೂಳು ಕೂತು ಅಕ್ಷರ ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಮನೆಯಲ್ಲಿ ಒಮ್ಮೆ ಇದನ್ನು ಮಾಡಿ ಫೋಟೊ ತೆಗೆದಿಟ್ಟುಕೊಂಡರೆ ರಸ್ತೆಯಲ್ಲಿ ಪರದಾಡಬೇಕಿಲ್ಲ.

ತಾಳೆ ನೋಡುವಷ್ಟರಲ್ಲಿ ಲೈಸೆನ್ಸ್ ವಶಕ್ಕೆ ತೆಗೆದುಕೊಂಡರೆ, ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಂತೆ ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು, ಕೇಳಿ ಪಡೆಯಿರಿ. ಮಾತು ಬಂಧನದವರೆಗೆ ಹೋದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಉಚಿತ ಕಾನೂನು ನೆರವಿನ ದೂರವಾಣಿ 15100.

ಚಾಸಿ ತಾಳೆಯಾಯಿತು, ಬಿಟ್ಟರು ಅಂದುಕೊಳ್ಳಿ. ಹಾಗಾದರೆ ನಿಮ್ಮದೇ ನಂಬರ್ ಹಾಕಿಕೊಂಡ ಇನ್ನೊಂದು ಗಾಡಿ ಎಲ್ಲೋ ಓಡಾಡುತ್ತಿರಬಹುದು. ಅದೇ ದಿನ ಠಾಣೆಗೆ ದೂರು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಆರ್‌ಟಿಒಗೆ ಹೋಗಲಿ. ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಕೈ ಅಡ್ಡ ಹಾಕಿದಾಗ ಮೊದಲು ತೋರಿಸಬೇಕಾದದ್ದು ಆ ಸ್ವೀಕೃತಿಯನ್ನೇ.

ನಮಸ್ಕಾರ.